ಕಾರ್ನೇಶನ್ ಕಣ್ಣು ಮುಚ್ಚಿದ ಅಂಗಡಿ

ಕತ್ತರಿ ಮಾಮ ಹೂವಿನಂಗಡಿ ಸೇರಿದ್ದು ಹೂವಿನ ಮೇಲಿನ ಪ್ರೀತಿಯಿಂದಲ್ಲ, ಕೂರಲು ಬೇರೆ ಜಾಗವಿಲ್ಲದೆ. ಮೀಸೆ ಮೂಡುವ ವಯಸ್ಸಿನಿಂದ ಐವತ್ತು ದಾಟುವವರೆಗೂ ಅವನು ಮಾಡಿದ್ದು ಒಂದೇ ಕೆಲಸ, ಜನರ ತಲೆಗೂದಲು ಕತ್ತರಿಸುವುದು. ಬೀದಿಯ ತಿರುವಿನಲ್ಲಿ ಅವನದೊಂದು ಸಲೂನಿತ್ತು. ಮೂರು ಕುರ್ಚಿ, ಉದ್ದದ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ನಿನ್ನೆ ಮೊನ್ನೆಯ ಪತ್ರಿಕೆ. ಅಪ್ಪಂದಿರು ಮಕ್ಕಳನ್ನು ಕರೆತಂದು, ಆ ಮಕ್ಕಳು ಮುಂದೆ ತಮ್ಮ ಮಕ್ಕಳನ್ನು ಕರೆತಂದು, ಬೀದಿಗೆ ಬೀದಿಯೇ ಅವನ ಕೈಕೆಳಗೆ ತಲೆ ಬಗ್ಗಿಸಿತ್ತು. ಊರಿನ ಸುದ್ದಿಯೆಲ್ಲ ಆ ಬೆಂಚಿನ ಮೇಲೆ ಹಾದುಹೋಗುತ್ತಿತ್ತು. ಆದರೆ ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕುವ ಚಟ ಅವನಿಗಿರಲಿಲ್ಲ. ಅವನಿಗಿದ್ದ ಚಟ ಶುಚಿಯದು. ಒಂದು ತಲೆ ಮುಗಿಯಿತೆಂದರೆ ಕತ್ತರಿ, ಬಾಚಣಿಗೆ, ಕತ್ತಿ ಎಲ್ಲವೂ ಬಿಸಿನೀರಿಗೆ, ಅಲ್ಲಿಂದ ಔಷಧಿ ನೀರಿಗೆ, ಅಲ್ಲಿಂದ ಒಣ ಬಟ್ಟೆಗೆ. ಅವಸರದಲ್ಲಿದ್ದವರು ಗೊಣಗಿದರೆ, "ನಿಮ್ಮ ಮುಂಚೆ ಕೂತಿದ್ದವರ ತಲೆ ನೀವು ನೋಡಿಲ್ಲ, ನಾನು ನೋಡಿದ್ದೀನಿ" ಅನ್ನುತ್ತಿದ್ದ. ಗೊಣಗಾಟ ಅಲ್ಲಿಗೆ ನಿಲ್ಲುತ್ತಿತ್ತು.

ಕಟ್ಟಡ ಹಳೆಯದು. ಮಾಲೀಕರು ತೀರಿಕೊಂಡ ಮೇಲೆ ಅವರ ಮಕ್ಕಳು ಅದನ್ನು ಕೆಡವಿ ಹೊಸದು ಕಟ್ಟಿಸಲು ಹೊರಟರು. ಜಗಳವೇನೂ ಆಗಲಿಲ್ಲ. ಅವರೂ ಅವನ ಕೈಯಲ್ಲೇ ಕೂದಲು ಕತ್ತರಿಸಿಕೊಂಡು ಬೆಳೆದವರು, ಮುಜುಗರಪಟ್ಟುಕೊಂಡೇ ಹೇಳಿದರು. ಕುರ್ಚಿಗಳನ್ನು ಬೇಕಾದವರಿಗೆ ಕೊಟ್ಟ. ಕನ್ನಡಿ ಕಳಚುವಾಗ ಒಡೆಯಿತು. ಸ್ವಲ್ಪ ದಿನ ದೊಡ್ಡ ರಸ್ತೆಯ ಹೊಸ ಸಲೂನಿಗೆ ಕೆಲಸಕ್ಕೆ ಹೋದ. ಅಲ್ಲಿ ಹಾಡು ಕಿವಿ ಹರಿಯುವಂತೆ ಕೂಗುತ್ತಿತ್ತು, ಗಿರಾಕಿ ಏನು ಹೇಳಿದ ಅನ್ನುವುದೇ ಕೇಳಿಸುತ್ತಿರಲಿಲ್ಲ. ಒಂದು ದಿನ ಕಿವಿಯ ಮೇಲೆ ಉಳಿಸಬೇಕಾದದ್ದನ್ನು ಪೂರ್ತಿ ಬೋಳಿಸಿಬಿಟ್ಟ. ಮಾರನೆಯ ದಿನದಿಂದ ಆ ಕಡೆ ತಲೆ ಹಾಕಲಿಲ್ಲ.

ಅವನು ಮನೆಯಲ್ಲಿ ಕೂತ ಮೇಲೆ ಹೆಂಡತಿಗೆ ತಲೆನೋವು ಶುರುವಾಯಿತು. ಅವಳು ಮನೆಯಲ್ಲೇ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಅವಳ ಹೊಲಿಗೆ ಯಂತ್ರದ ಪಕ್ಕ ನಿಂತು ದಾರದುಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದ. ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದ. ಉಪ್ಪು ಎಲ್ಲಿದೆ ಅಂತ ಸ್ವಂತ ಅಡುಗೆಮನೆಯಲ್ಲೇ ಕೇಳುವ ಗತಿ ಬಂದಾಗ ಅವಳು ಕೆಳಗಿಳಿದು ಹೋಗಿ ಅತ್ತಿಗೆಯ ಮುಂದೆ ಅಳಲು ತೋಡಿಕೊಂಡಳು.

ಅತ್ತಿಗೆಯೆಂದರೆ ಕತ್ತರಿ ಮಾಮನ ಒಡಹುಟ್ಟಿದ ಅಕ್ಕ. ಮನೆ ಅಕ್ಕನದೇ. ಕೆಳಗೆ ಬೀದಿಗೆ ಮುಖ ಮಾಡಿದ ಅವಳ ಹೂವಿನಂಗಡಿ, ಮೇಲೆ ಎಲ್ಲರೂ ಇರುವ ಮನೆ. ಅಮ್ಮ ಹೋದಾಗ ತಮ್ಮನಿನ್ನೂ ಚಡ್ಡಿಯಲ್ಲಿದ್ದ, ಅವನನ್ನು ಎತ್ತಿ ಆಡಿಸಿ, ಬೈದು ಹೊಡೆದು ಒಂದು ದಡ ಸೇರಿಸಿದವಳು ಅವಳೇ. ಮದುವೆಯಾಗಿ ಗಂಡನ ಜೊತೆ ಈ ಅಂಗಡಿ ಕಟ್ಟಿದಳು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ, ಇಷ್ಟು ದೊಡ್ಡ ಮನೆಯಲ್ಲಿ ನಾನೊಬ್ಬಳೇ ಗೋಡೆಗಳ ಜೊತೆ ಮಾತಾಡಲಾ ಅಂದು ತಮ್ಮನನ್ನೂ ಅವನ ಹೆಂಡತಿಯನ್ನೂ ಕರೆಸಿಕೊಂಡಳು. ತಮ್ಮನ ತಲೆ ನೆರೆತು ಬೆಳ್ಳಗಾಗಿದ್ದರೂ ಅವಳ ಬಾಯಲ್ಲಿ ಅವನಿನ್ನೂ ಪುಟ್ಟನೇ.

"ಕಳಿಸು ಪುಟ್ಟನ್ನ ಕೆಳಗೆ. ಸುಮ್ನೆ ಕೂತಿರ್ಲಿ, ಏನೂ ಮುಟ್ಟೋದು ಬೇಡ" ಅಂದಳು ಅಕ್ಕ.

ಅವನು ಸುಮ್ಮನೆ ಕೂತದ್ದು ಅರ್ಧ ದಿನ. ಅಂಗಡಿ ಉದ್ದಕ್ಕೆ, ಕಿರಿದಾಗಿತ್ತು. ಮುಂದೆ ಕಬ್ಬಿಣದ ಮೆಟ್ಟಿಲು ಸ್ಟ್ಯಾಂಡಿನ ಮೇಲೆ ಬಕೆಟ್ಟುಗಳು, ಮಧ್ಯೆ ಉದ್ದನೆಯ ಮೇಜು, ಹಿಂದೆ ಗೋಡೆಗೊರಗಿ ಗಾಜಿನ ಬಾಗಿಲಿನ ದೊಡ್ಡ ಫ್ರಿಜ್ಜು. ಫ್ರಿಜ್ಜು ಆಗಾಗ ಗಂಟಲು ಸರಿಮಾಡಿಕೊಳ್ಳುವವರ ಹಾಗೆ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ನೆಲ ಯಾವಾಗಲೂ ಒದ್ದೆ. ಕತ್ತರಿ ಮಾಮ ಎದ್ದು ಒಂದು ಬಕೆಟ್ಟಿನೊಳಗೆ ಕೈ ಇಳಿಸಿದ. ಒಳಗೋಡೆ ಕೈಗೆ ಜಾರಿತು, ಲೋಳೆ ಲೋಳೆ. ಕೈ ಮೂಗಿಗೆ ಹಿಡಿದ. ಮೇಲೆ ಗುಲಾಬಿಯ ವಾಸನೆ, ಕೆಳಗೆ ಕೊಳೆತ ಕೆರೆಯ ವಾಸನೆ.

"ಅಕ್ಕ, ಈ ಬಕೆಟ್ ತೊಳೆದು ಎಷ್ಟು ಕಾಲ ಆಯ್ತು?"

"ದಿನಾ ನೀರು ಹಾಕ್ತೀನಲ್ಲ."

ಹಾಕುತ್ತಿದ್ದಳು ನಿಜ. ಇಳಿದಷ್ಟು ನೀರನ್ನು ಮೇಲಿನಿಂದ ತುಂಬಿಸುತ್ತಿದ್ದಳು. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು. ತಳದಲ್ಲಿ ಒಂದು ತಾಮ್ರದ ನಾಣ್ಯ, ಯಾರೋ ಹೇಳಿದ್ದರಂತೆ, ಹಾಕಿದರೆ ಹೂವು ನಿಲ್ಲುತ್ತದೆಂದು. ಹೂವು ನಿಲ್ಲುತ್ತಿತ್ತೋ ಇಲ್ಲವೋ, ನಾಣ್ಯವಂತೂ ಅಲ್ಲೇ ನಿಂತು ಹಸಿರು ಬಣ್ಣಕ್ಕೆ ತಿರುಗಿತ್ತು.

ಸಲೂನಿನ ರಕ್ತ ಸುಮ್ಮನಿರಲು ಬಿಡಬೇಕಲ್ಲ. ಅಕ್ಕ ಮಧ್ಯಾಹ್ನ ಊಟಕ್ಕೆ ಮೇಲೆ ಹೋದಾಗ ಅವನು ಒಂದೊಂದೇ ಬಕೆಟ್ಟನ್ನು ಹಿತ್ತಲಿಗೆ ಒಯ್ದು, ಬ್ಲೀಚಿಂಗ್ ಪುಡಿ ಹಾಕಿ, ಕೈ ನೋಯುವವರೆಗೆ ಉಜ್ಜಿ, ವಾಸನೆ ಹೋಗುವವರೆಗೆ ತೊಳೆದು ಬಿಸಿಲಿಗೆ ಬೋರಲು ಹಾಕಿದ. ಅಕ್ಕ ಇಳಿದು ಬಂದು ನೋಡುತ್ತಾಳೆ, ಹೂವೆಲ್ಲ ಮೇಜಿನ ಮೇಲೆ ಮಲಗಿವೆ, ತಮ್ಮ ಪ್ಯಾಂಟು ಮಡಚಿಕೊಂಡು ನಿಂತಿದ್ದಾನೆ. ಬಾಯಿಗೆ ಬಂದಂತೆ ಬೈದಳು. ಅವನು ಕೇಳಿಸಿಕೊಂಡ. ಚಿಕ್ಕಂದಿನಿಂದ ಅಭ್ಯಾಸವಾದ ಬೈಗುಳ ಅದು, ಎಲ್ಲಿ ಏರುತ್ತದೆ ಎಲ್ಲಿ ಇಳಿಯುತ್ತದೆ ಅನ್ನುವುದು ಅವನಿಗೆ ಬಾಯಿಪಾಠ.

ಆಮೇಲಿನದು ಚಾಕುವಿನ ಸರದಿ. ಅಕ್ಕ ದಂಟು ಕತ್ತರಿಸುತ್ತಿದ್ದದ್ದು ಬಳ್ಳಿ, ತಂತಿ, ದಾರ ಎಲ್ಲಕ್ಕೂ ಆಗುವ ಒಂದು ಮೊಂಡು ಕತ್ತರಿಯಲ್ಲಿ. ಅದು ಕತ್ತರಿಸುತ್ತಿರಲಿಲ್ಲ, ಜಜ್ಜುತ್ತಿತ್ತು. ಅವನು ತನ್ನ ಹಳೆಯ ಸಾಣೆಕಲ್ಲು ಹೊರತೆಗೆದ. ತೆಳ್ಳನೆಯ ಚಾಕುವೊಂದನ್ನು ಮಸೆದು, ದಂಟನ್ನು ಓರೆಯಾಗಿ ಒಂದೇ ಎಳೆತಕ್ಕೆ ಕುಯ್ದು ತೋರಿಸಿದ. ದಂಟಿನೊಳಗೆ ಎಷ್ಟೋ ಸಣ್ಣ ಸಣ್ಣ ಕೊಳವೆಗಳಿರುತ್ತವೆ, ಜಜ್ಜಿದರೆ ಅವುಗಳ ಬಾಯಿ ಮುಚ್ಚಿಹೋಗುತ್ತದೆ, ಕೊಳೆ ನೀರಿನಲ್ಲಿಟ್ಟರೆ ಲೋಳೆ ಕಟ್ಟಿ ಮುಚ್ಚಿಹೋಗುತ್ತದೆ, ಆಮೇಲೆ ಕುತ್ತಿಗೆಮಟ್ಟ ನೀರಲ್ಲಿ ನಿಂತರೂ ಹೂವಿಗೆ ಬಾಯಾರಿಕೆಯೇ ಗತಿ ಅಂತ ವಿವರಿಸಿದ. ಇದನ್ನೆಲ್ಲ ಅವನಿಗೆ ಹೇಳಿಕೊಟ್ಟವನು ಬೆಳಗ್ಗೆ ಬೆಳಗ್ಗೆ ಹೂವು ತಂದು ಇಳಿಸುವ ವ್ಯಾನಿನವನು. ಅವನು ಹೂ ಬೆಳೆಯುವವರ ಶೆಡ್ಡಿನಲ್ಲಿ ಕೆಲಸ ಮಾಡಿ ಬಂದವನು. ಅಕ್ಕನಿಗೂ ಹತ್ತಾರು ಸಲ ಹೇಳಿದ್ದನಂತೆ. ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು.

ಅಕ್ಕ ಸೋತದ್ದು ಗುಲಾಬಿಯ ವಿಷಯದಲ್ಲಿ. ಒಂದು ದಿನ ವ್ಯಾನು ದಾರಿಯಲ್ಲಿ ಕೆಟ್ಟು ನಿಂತು, ಬಿಸಿಲಲ್ಲಿ ಬೆಂದ ಗುಲಾಬಿ ಕಟ್ಟುಗಳು ಅಂಗಡಿಗೆ ಬರುವಷ್ಟರಲ್ಲಿ ಕುತ್ತಿಗೆ ಚೆಲ್ಲಿದ್ದವು. ಅಕ್ಕ ಬಿಸಾಡಲು ಹೇಳಿದಳು. ಕತ್ತರಿ ಮಾಮ ಬಿಸಾಡಲಿಲ್ಲ. ಕೆಳಗಿನ ಎಲೆಗಳನ್ನು ಬಿಡಿಸಿ, ದಂಟಿನ ತುದಿಯನ್ನು ಮತ್ತೆ ಕುಯ್ದು, ಗಿರಾಕಿಯ ಕುತ್ತಿಗೆಗೆ ಬಟ್ಟೆ ಸುತ್ತುವ ಹಾಗೆಯೇ ಪತ್ರಿಕೆಯ ಹಾಳೆಯನ್ನು ಬಿಗಿಯಾಗಿ ಸುತ್ತಿ, ಬೆಚ್ಚಗಿನ ನೀರಿನಲ್ಲಿ ಗಂಟಲಿನವರೆಗೆ ನಿಲ್ಲಿಸಿದ. ಸಂಜೆ ಕಾಗದ ಬಿಚ್ಚಿದಾಗ ಗುಲಾಬಿಗಳು ಶಾಲೆಯ ಸಾಲಿನ ಮಕ್ಕಳಂತೆ ನೆಟ್ಟಗೆ ನಿಂತಿದ್ದವು. ಅಕ್ಕ ನೋಡಿದಳು. ಮಾರನೆಯ ದಿನದಿಂದ ಅವನಿಗೆ ದೊಡ್ಡ ಲೋಟದಲ್ಲಿ ಟೀ ಬರತೊಡಗಿತು. ಹಸಿರು ನಾಣ್ಯ ಮಾತ್ರ ತೆಗೆಯಕೂಡದೆಂದು ಹಟ ಹಿಡಿದಳು. ಅದನ್ನೂ ಬ್ಲೀಚಿಂಗಿನಲ್ಲಿ ತೊಳೆದು ವಾಪಸು ಹಾಕಿದ.

ಹೂವಿಗೆ ಕುಡಿಯುವ ನೀರು ಮಾಡುವುದನ್ನೂ ಅವನು ಹೀಗೇ ಕಲಿತ. ನೀರಿಗೆ ಒಂದಿಷ್ಟು ಸಕ್ಕರೆ, ನಾಲ್ಕು ಹನಿ ನಿಂಬೆರಸ, ಚಿಟಿಕೆಯಷ್ಟು ಬ್ಲೀಚಿಂಗ್. ಸಕ್ಕರೆ ಹೊಟ್ಟೆಗೆ, ಹುಳಿ ನೀರು ಬೇಗ ಮೇಲೇರುವುದಕ್ಕೆ, ಬ್ಲೀಚಿಂಗ್ ಲೋಳೆ ಕಟ್ಟದಿರುವುದಕ್ಕೆ. ಅಳತೆ ತಪ್ಪಿ ಒಂದು ಬಕೆಟ್ ಲಿಲ್ಲಿಯ ಎಲೆಗಳನ್ನು ಹಳದಿ ಮಾಡಿದ್ದೂ ಉಂಟು. ಜರ್ಬೆರಾಕ್ಕೆ ಕಡಿಮೆ ನೀರು ಸಾಕು, ಹೆಚ್ಚಾದರೆ ಅದರ ರೋಮದ ದಂಟು ಕೊಳೆಯುತ್ತದೆ ಅಂತ ಕೊಳೆಸಿಯೇ ಕಲಿತ. ಅವನು ಮೊದಲ ಸಲ ಬಕೆಟ್ಟಿಗೆ ಚಮಚದಲ್ಲಿ ಸಕ್ಕರೆ ಹಾಕಿದ ದಿನ ಅಕ್ಕ ಮೇಜಿನ ಆಚೆ ಕೂತು ನೋಡುತ್ತಿದ್ದಳು.

"ಹೂವಿಗೆ ಸಕ್ಕರೆ ಹಾಕ್ತೀಯ. ನನ್ನ ಟೀಗೆ ಹಾಕೋಕೆ ಮಾತ್ರ ನಿನ್ನ ಹೆಂಡ್ತಿ ಬಿಡಲ್ಲ" ಅಂದಳು.

ಅವನು ನಕ್ಕ. ಅವಳೂ ನಕ್ಕಳು. ಆ ನಗುವಿನಡಿ ಏನಿತ್ತು ಅನ್ನುವುದು ಅವನಿಗೆ ಆಗ ಹೊಳೆಯಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಮಾತ್ರೆ ನುಂಗುತ್ತಿದ್ದಳು, ಆಗಾಗ ರಕ್ತ ಪರೀಕ್ಷೆ ಆಗುತ್ತಿತ್ತು. ಅವಳ ಪಥ್ಯದ ಉಸ್ತುವಾರಿ ಪೂರ್ತಿ ತಮ್ಮನ ಹೆಂಡತಿಯದು. ಅವಳ ತಾಯಿ ಇದೇ ಕಾಯಿಲೆಯಲ್ಲಿ ಮೊದಲು ಕಾಲ್ಬೆರಳು, ಆಮೇಲೆ ಪಾದ, ಕೊನೆಗೆ ಪ್ರಾಣವನ್ನೇ ಕಳೆದುಕೊಂಡಿದ್ದಳು. ಅದನ್ನು ಹತ್ತಿರದಿಂದ ಕಂಡವಳಾದ್ದರಿಂದ ಅತ್ತಿಗೆಯ ತಟ್ಟೆಯ ಮೇಲೆ ಅವಳದು ಹದ್ದಿನ ಕಣ್ಣು. ಸಿಹಿ ಇಲ್ಲ, ಕರಿದದ್ದಿಲ್ಲ, ಹಣ್ಣಂತೂ ಹೊಸ್ತಿಲು ದಾಟಿ ಬರುವಂತೆಯೇ ಇಲ್ಲ. ಅತ್ತಿಗೆಯ ಮುಂದೆ ತಾವು ಹೇಗೆ ತಿನ್ನುವುದು ಅಂತ ಗಂಡ ಹೆಂಡತಿಯೂ ಹಣ್ಣು ಬಿಟ್ಟಿದ್ದರು. ಅಕ್ಕ ಎದುರಾಡುತ್ತಿರಲಿಲ್ಲ. ಹಾಕಿದ್ದನ್ನು ತಿಂದು, ತನ್ನ ತಟ್ಟೆ ತಾನೇ ತೊಳೆದಿಟ್ಟು ಕೆಳಗೆ ಇಳಿಯುತ್ತಿದ್ದಳು.

ಅಂಗಡಿಗೆ ಹೆಸರು ಬರತೊಡಗಿತು. ಬೇರೆ ಕಡೆ ಕೊಂಡರೆ ಎರಡೇ ದಿನಕ್ಕೆ ತಲೆ ಜೋಲು ಹಾಕುವ ಹೂವು ಇಲ್ಲಿಂದ ಒಯ್ದರೆ ವಾರವಿಡೀ ಇರುತ್ತದೆ ಅಂತ ಬಾಯಿಂದ ಬಾಯಿಗೆ ಹರಡಿತು. ಸಲೂನಿನ ಹಳೆಯ ಗಿರಾಕಿಗಳು ಬರತೊಡಗಿದರು, ಹೆಂಡತಿಗೆಂದು ಒಂದು ಗೊಂಚಲು ಕೊಂಡು, ಹಾಗೇ ನಿಂತು ಹರಟೆಯನ್ನೂ ಹೊಡೆದು ಹೋಗುತ್ತಿದ್ದರು. ಕತ್ತರಿ ಮಾಮ ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತಿದ್ದ: ಹೂದಾನಿ ಚೆನ್ನಾಗಿ ತೊಳೀರಿ, ದಿನ ಬಿಟ್ಟು ದಿನ ನೀರು ಬದಲಾಯಿಸಿ, ತುದಿ ಒಂದು ಚೂರು ಕುಯ್ಯಿರಿ, ಟೀವಿ ಮೇಲೆ ಇಡಬೇಡಿ, ಬಿಸಿಯಾಗತ್ತೆ.

ಆ ಹೆಸರಿನ ಬೆನ್ನಲ್ಲೇ ಹೋಟೆಲಿನ ಕೆಲಸ ಬಂತು. ನಿಲ್ದಾಣದ ಎದುರಿಗಿರುವ ದೊಡ್ಡ ಹೋಟೆಲು ಅದು. ಅಲ್ಲಿನ ಮೇಲ್ವಿಚಾರಕಿ ತೆಳ್ಳಗಿನ, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ ಹೆಂಗಸು. ಪ್ರತಿ ವಾರ ಊಟದ ಮೇಜುಗಳಿಗೆಲ್ಲ ಕಾರ್ನೇಶನ್ ಬೇಕೆಂದಳು. ಹಾಕಿದರೆ ಮುಂದಿನ ವಾರದವರೆಗೆ ಬಾಡಬಾರದು ಅನ್ನುವುದು ಅವಳ ಕರಾರು. ಕಾರ್ನೇಶನ್ ಅದಕ್ಕೆ ಹೇಳಿ ಮಾಡಿಸಿದ ಹೂವು, ಗಟ್ಟಿಗಿತ್ತಿ. ಕತ್ತರಿ ಮಾಮ ಎರಡು ಗಿಣ್ಣುಗಳ ನಡುವೆ ದಂಟು ಕುಯ್ದು, ಫ್ರಿಜ್ಜಿನಲ್ಲಿ ಒಂದು ರಾತ್ರಿ ನೀರು ಕುಡಿಸಿ, ತಾನೇ ಹೊತ್ತು ಹೋಗಿ ಜೋಡಿಸಿ ಬರುತ್ತಿದ್ದ. ಕೆಲವು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಸಲೂನು ಮುಚ್ಚಿದ ಮೇಲೆ ಮೊದಲ ಸಲ ಅವನು ರಸ್ತೆಯಲ್ಲಿ ಎದೆ ಎತ್ತಿ ನಡೆದಾಡಿದ.

ಆಮೇಲೆ ಕಾರ್ನೇಶನ್ ಕಣ್ಣು ಮುಚ್ಚತೊಡಗಿದವು.

ಬಾಡುವುದಲ್ಲ, ಉದುರುವುದಲ್ಲ. ಅರಳಿದ ಹೂವಿನ ಎಸಳುಗಳು ಒಳಕ್ಕೆ ಸುರುಟಿಕೊಂಡು, ಅಂಚು ಕಾಗದದ ಹಾಗೆ ತೆಳ್ಳಗಾಗಿ, ತೂಕಡಿಸುವವರ ರೆಪ್ಪೆಯಂತೆ ಮುಚ್ಚಿಕೊಳ್ಳುತ್ತಿದ್ದವು. ನೀರಿನಲ್ಲಿ ನಿಂತೇ ಇದ್ದವು, ದಂಟು ಹಸಿರಾಗಿಯೇ ಇತ್ತು, ಮುಖ ಮಾತ್ರ ಮುಗಿದುಹೋಗಿತ್ತು. ಹೋಟೆಲಿಗೆ ಇಟ್ಟು ಬಂದ ಮೂರನೆಯ ದಿನಕ್ಕೇ ಮೇಲ್ವಿಚಾರಕಿಯ ಫೋನು ಬಂತು. ಬದಲಿ ಹೂವು ಕೊಟ್ಟು ಬಂದ. ಮುಂದಿನ ವಾರವೂ ಅದೇ ಹಾಡು.

ಕತ್ತರಿ ಮಾಮನ ನಿದ್ದೆ ಹಾರಿತು. ಬಕೆಟ್ಟು ಮತ್ತೆ ತೊಳೆದ. ಚಾಕು ಮತ್ತೆ ಮಸೆದ. ನೀರಿಗೆ ಸಕ್ಕರೆ ಹಾಕುವುದು ನಿಲ್ಲಿಸಿ ನೋಡಿದ, ಮತ್ತೆ ಹಾಕಿ ನೋಡಿದ. ಫ್ರಿಜ್ಜು ರಿಪೇರಿಯವನನ್ನು ಕರೆಸಿದ. ಅವನು ತಣ್ಣಗಾಗುವುದು ಸರಿಯಾಗಿದೆ ಅಂತ ಬರಿಗೈಯಲ್ಲಿ ಹೋದ. ಅಕ್ಕ ಎಲ್ಲವನ್ನೂ ಸ್ಟೂಲಿನ ಮೇಲೆ ಕೂತು ನೋಡುತ್ತ, ನಿನ್ನ ಔಷಧಿ ನೀರು ಹೆಚ್ಚಾಗಿದೆ, ನನ್ನ ಕಾಲದಲ್ಲಿ ಕಾರ್ನೇಶನ್ ಹೀಗೆ ಮಾಡಿದ್ದೇ ಇಲ್ಲ ಅನ್ನುತ್ತಿದ್ದಳು. ಮೊದಮೊದಲು ಅವನು ತಲೆಗೆ ಹಾಕಿಕೊಳ್ಳಲಿಲ್ಲ. ಬರಬರುತ್ತ, ಇದ್ದರೂ ಇರಬಹುದೇನೋ ಅನ್ನಿಸತೊಡಗಿತು.

ಅದೇ ಹೊತ್ತಿಗೆ ಮೇಲಿನ ಮನೆಯಲ್ಲಿ ಬೇರೊಂದು ಚಿಂತೆ. ಅಕ್ಕನ ತೋರುಬೆರಳಿಗೆ ಗುಲಾಬಿ ಮುಳ್ಳು ಚುಚ್ಚಿತ್ತು. ಹೂವಿನವಳಿಗೆ ಮುಳ್ಳು ಹೊಸದಲ್ಲ, ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆದರೆ ಗಾಯ ಒಣಗಲಿಲ್ಲ. ಉಗುರಿನ ಬುಡ ಊದಿ ಕೀವಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಎಲ್ಲಿಗೋ ಏರಿ ಕೂತಿತ್ತು. ತಮ್ಮನ ಹೆಂಡತಿಗೆ ಕೈಕಾಲು ಆಡಲಿಲ್ಲ. ಇಷ್ಟು ಬಿಗಿ ಹಿಡಿದೂ ಹೀಗಾಯಿತೇ ಅಂತ ಅತ್ತಿಗೆಯ ತಟ್ಟೆಯಿಂದ ಇನ್ನೂ ಒಂದು ಮುಷ್ಟಿ ಕಡಿಮೆ ಮಾಡಿದಳು. ಹೀಗೆ ಮನೆಯಲ್ಲಿ ಇಬ್ಬರು, ಮೇಲೆ ಒಬ್ಬಳು ಕೆಳಗೆ ಒಬ್ಬ, ತಾವು ಮಾಡಿದ್ದರಲ್ಲಿ ತಪ್ಪೆಲ್ಲಿ ಅಂತ ತಲೆ ಕೆರೆದುಕೊಳ್ಳುತ್ತಿದ್ದರು.

ಹೋಟೆಲಿನ ಮೇಲ್ವಿಚಾರಕಿ ಒಂದು ಬೆಳಗ್ಗೆ ತಾನೇ ಅಂಗಡಿಗೆ ಬಂದಳು. ಕೂಗಾಡಲಿಲ್ಲ. ಮುಂದಿನ ವಾರದಿಂದ ಬೇರೆಯವರಿಗೆ ಹೇಳಿದ್ದೇವೆ, ನಿಮ್ಮ ಮೇಲೆ ಬೇಜಾರಿಲ್ಲ, ನನಗೂ ಮೇಲಿನವರಿಗೆ ಉತ್ತರ ಕೊಡಬೇಕಲ್ಲ ಅಂದಳು. ಕತ್ತರಿ ಮಾಮ ತಲೆಯಾಡಿಸಿದ. ಅವಳು ಹೋದ ಮೇಲೆ ಅಕ್ಕ, ಹೋಗ್ಲಿ ಬಿಡು ಅಂದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮಾರನೆಯ ದಿನ ವ್ಯಾನಿನವನು ಹೂವು ಇಳಿಸುವಾಗ ಕತ್ತರಿ ಮಾಮ ಸಿಡುಕಿದ. ಕಾರ್ನೇಶನ್ ಬರುವಾಗಲೇ ಹಳತಾಗಿರುತ್ತದೆ, ನಮ್ಮ ತಲೆಗೆ ಕಟ್ಟುತ್ತಿದ್ದೀಯ ಅಂದ. ವ್ಯಾನಿನವನು ಸಿಟ್ಟಾಗಲಿಲ್ಲ. ಒಂದು ಮುಚ್ಚಿದ ಹೂವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಇದು ನೀರಿನ ದೋಷ ಅಲ್ಲ ಮಾಮ. ಅಕ್ಕಪಕ್ಕ ಹಣ್ಣಿನಂಗಡಿ ಇದೆಯಾ?"

"ಹಣ್ಣಿಗೂ ಇದಕ್ಕೂ ಏನು ಸಂಬಂಧ?"

"ಹಣ್ಣು ಮಾಗ್ತಾ ಮಾಗ್ತಾ ಒಂಥರಾ ಗಾಳಿ ಬಿಡತ್ತೆ. ನಮ್ಮ ಮೂಗಿಗೆ ಗೊತ್ತಾಗಲ್ಲ, ಹೂವಿಗೆ ಗೊತ್ತಾಗತ್ತೆ. ಕಾರ್ನೇಶನ್ ಅಂತೂ ಒಂದು ರಾತ್ರಿ ಜೊತೇಲಿದ್ರೆ ಮುದುಕಿ ಆಗ್ಬಿಡತ್ತೆ. ಅದಕ್ಕೇ ನಾನು ವ್ಯಾನಲ್ಲಿ ತಿನ್ನೋಕೆ ಅಂತಲೂ ಒಂದು ಹಣ್ಣು ಇಟ್ಕೊಳ್ಳಲ್ಲ."

ಕತ್ತರಿ ಮಾಮ ನಕ್ಕುಬಿಟ್ಟ. ಒಂದು ಪಕ್ಕದಲ್ಲಿ ಬೀಗ ರಿಪೇರಿ, ಇನ್ನೊಂದು ಪಕ್ಕದಲ್ಲಿ ಕನ್ನಡಕದ ಅಂಗಡಿ. ಮನೆಯಲ್ಲೇ ಹಣ್ಣು ಕಂಡು ಯಾವ ಕಾಲವಾಯಿತೋ, ಇನ್ನು ಅಂಗಡಿಗೆಲ್ಲಿಂದ ಬರಬೇಕು ಅಂದ. ವ್ಯಾನಿನವನು ಭುಜ ಕುಣಿಸಿ ಹೋದ.

ಆ ದಿನ ಹನ್ನೊಂದರ ಹೊತ್ತಿಗೆ ಹೆಂಡತಿ ಅಕ್ಕನನ್ನು ಬೆರಳಿನ ಗಾಯಕ್ಕೆ ಪಟ್ಟಿ ಹಾಕಿಸಲು ಕರೆದೊಯ್ದಳು. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ತೊಳೆಯದೆ ಉಳಿದದ್ದು ಫ್ರಿಜ್ಜಿನ ಒಳಗು ಒಂದೇ ಅಂತ ಅವನಿಗೆ ನೆನಪಾಯಿತು. ಅದನ್ನು ಯಾವಾಗಲೂ ಅಕ್ಕನೇ ನೋಡಿಕೊಳ್ಳುತ್ತಿದ್ದಳು, ತಳಕ್ಕೆ ಕೈ ಹಾಕಬೇಡ, ಗೊಂಚಲಿಗೆ ಸೇರಿಸುವ ಜರೀಗಿಡದ ಎಲೆಗಳು ಮುರಿಯುತ್ತವೆ ಅಂತ ಗದರುತ್ತಿದ್ದಳು. ಅವನು ಬಕೆಟ್ಟುಗಳನ್ನೆಲ್ಲ ಹೊರಗಿಟ್ಟ. ಜರೀ ಎಲೆಗಳ ಕಟ್ಟುಗಳನ್ನು ತೆಗೆದ. ಅದರ ಹಿಂದೆ, ಗೋಡೆಗೆ ಒತ್ತಿದಂತೆ, ಒಂದು ಬಟ್ಟೆ ಚೀಲ.

ಚೀಲದಲ್ಲಿ ಸೇಬು. ಕೆಲವು ಹೊಸವು, ಕೆಲವು ಸಿಪ್ಪೆ ಸುಕ್ಕುಗಟ್ಟಿ ಮೆತ್ತಗಾದವು. ಒಂದು ಡಬ್ಬದಲ್ಲಿ ಖರ್ಜೂರ, ಅರ್ಧ ಖಾಲಿ. ಅದರ ಕೆಳಗೆ ಒಂದು ಪುಟ್ಟ ಸ್ಟೀಲ್ ತಟ್ಟೆ, ಹಣ್ಣು ಕುಯ್ಯುವ ಚಾಕು, ನಾಲ್ಕಾಗಿ ಮಡಚಿದ ಕೈವಸ್ತ್ರ. ಬಗ್ಗಿ ಮೂಸಿದರೆ ಸೇಬಿನ ಸಿಹಿ ವಾಸನೆ ಬಂತು. ಬಾಗಿಲ ಬಳಿಯಿಂದ ಅದು ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ, ಲಿಲ್ಲಿಯ ಘಾಟು ಎಲ್ಲವನ್ನೂ ನುಂಗಿಬಿಡುತ್ತಿತ್ತು.

ಅವನಿಗೆ ಮೊದಲು ನಗು ಬಂತು. ಒಬ್ಬನೇ ನಿಂತು ನಕ್ಕ. ಆಮೇಲೆ ಹೋಟೆಲು ನೆನಪಾಗಿ ಮೈಯೆಲ್ಲ ಉರಿಯಿತು. ಇಷ್ಟು ದಿನ ತನ್ನ ಕೈಯನ್ನೇ ತಾನು ಅನುಮಾನಿಸಿದ್ದೆಲ್ಲ ಈ ಚೀಲಕ್ಕಾಗಿಯೇ ಅನ್ನಿಸಿತು. ಮತ್ತೆ ಆ ಮಡಚಿದ ಕೈವಸ್ತ್ರದ ಕಡೆ ಕಣ್ಣು ಹೋಯಿತು. ಎಪ್ಪತ್ತರ ಹತ್ತಿರದ ಹೆಂಗಸು, ಮೇಲೆ ಕೆಳಗೆ ಎಲ್ಲವೂ ಅವಳದೇ ಆದ ಮನೆಯಲ್ಲಿ, ಫ್ರಿಜ್ಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಾಗಿಲು ನೋಡುತ್ತ ಒಂದು ಸೇಬು ತಿನ್ನುತ್ತಾಳೆ. ಅವನ ಸಿಟ್ಟು ಇಳಿಯಿತು. ಪೂರ್ತಿ ಇಳಿಯಲಿಲ್ಲ.

ಫ್ರಿಜ್ಜು ತೊಳೆದು ಒರೆಸಿ ಹೂವುಗಳನ್ನು ಒಳಗಿಟ್ಟ. ಚೀಲವನ್ನು ಮೇಜಿನ ಮೇಲಿಟ್ಟ.

ಅವರಿಬ್ಬರೂ ಬಂದಾಗ ಹೆಂಡತಿ ಬೀದಿಯ ಕಡೆಯ ಮೆಟ್ಟಿಲು ಹತ್ತಿ ನೇರ ಮೇಲೆ ಹೋದಳು. ಅಕ್ಕ ಅಂಗಡಿಯೊಳಕ್ಕೆ ಕಾಲಿಟ್ಟು, ಚೀಲ ನೋಡಿ ಅಲ್ಲೇ ನಿಂತಳು. ಬಿಳಿ ಪಟ್ಟಿ ಸುತ್ತಿದ ಬೆರಳನ್ನು ಎತ್ತಿ ಹಿಡಿದುಕೊಂಡಿದ್ದಳು.

"ನಿನ್ನ ಹೆಂಡ್ತಿಗೆ ಹೇಳ್ತೀಯ?" ಅಂದಳು.

"ಮೊದಲು ಕಾರ್ನೇಶನ್‌ಗೆ ಹೇಳ್ಬೇಕು. ಅದನ್ನ ಕೊಂದಿದ್ದು ಇದೇ."

ಅವಳಿಗೆ ಅರ್ಥವಾಗಲಿಲ್ಲ. ಅವನು ವ್ಯಾನಿನವನು ಹೇಳಿದ್ದನ್ನೆಲ್ಲ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು. ಸ್ಟೂಲು ಎಳೆದುಕೊಂಡು ಕೂತಳು. ಈಚೆಗಷ್ಟೇ ತಂದಿಡಲು ಶುರುಮಾಡಿದ್ದು, ಹಣ್ಣಿನಿಂದ ಹೂವಿಗೆ ತೊಂದರೆಯೆಂದು ತನಗೆ ಗೊತ್ತಿರಲಿಲ್ಲ ಅಂದಳು. ಗೊತ್ತಿದ್ದರೆ ಖಂಡಿತ ಇಡುತ್ತಿರಲಿಲ್ಲ ಅಂದಳು. ಅದು ನಿಜವೆಂದು ಅವನಿಗೂ ಗೊತ್ತಿತ್ತು. ಅವಳು ಹೊಟ್ಟೆ ಕಟ್ಟಿ ಬೆಳೆಸಿದ ಅಂಗಡಿ ಅದು.

"ಬೇಕಿದ್ರೆ ನನ್ನ ಹತ್ರ ಕೇಳ್ಬಾರದಾಗಿತ್ತಾ ಅಕ್ಕ?"

"ನಿನ್ನ ಹತ್ರ ಕೇಳಿ ತಿನ್ನೋ ಕಾಲ ಬಂತು ನೋಡು ನನಗೆ" ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ನ ಹೆಂಡ್ತಿ ಕೆಟ್ಟವಳಲ್ಲ ಪುಟ್ಟ. ನನ್ನನ್ನ ಹೆತ್ತ ತಾಯಿಗಿಂತ ಹೆಚ್ಚಾಗಿ ನೋಡ್ಕೊಳ್ತಾಳೆ. ಆದ್ರೆ ದಿನಾ ತಟ್ಟೆ ಮುಂದೆ ಕೂತಾಗ ನಾನು ಈ ಮನೇಲಿ ಒಂದು ಕಾಯಿಲೆ ಅಷ್ಟೇ ಅನ್ಸತ್ತೆ. ಇಲ್ಲಿ ಬಂದು ಒಂದು ಹಣ್ಣು ಕುಯ್ಕೊಂಡು ತಿಂದ್ರೆ, ನಾನು ನಾನೇ ಅನ್ಸತ್ತೆ."

ಬೀದಿಯಿಂದ ಯಾರೋ ಬಂದು ಹಳದಿ ಗುಲಾಬಿ ಕೇಳಿದರು. ಇಬ್ಬರೂ ಎದ್ದು ವ್ಯಾಪಾರ ಮಾಡಿದರು, ಅವನು ಕುಯ್ದು ಕೊಟ್ಟ, ಅವಳು ಒಂದೇ ಕೈಯಲ್ಲಿ ಕಾಗದ ಸುತ್ತಿದಳು.

ಹೇಳದಿರಲು ಅವನಿಗೆ ಮನಸ್ಸಾಗಲಿಲ್ಲ, ಅಕ್ಕನ ಬೆರಳು ಕಣ್ಣ ಮುಂದಿತ್ತು. ಊಟವಾದ ಮೇಲೆ ಹೊಲಿಗೆ ಯಂತ್ರದ ಪಕ್ಕ ಕೂತು ಹೆಂಡತಿಗೆ ಎಲ್ಲ ಹೇಳಿದ. ರಂಪವಾಗುತ್ತದೆ ಅಂದುಕೊಂಡಿದ್ದ. ಅವಳು ಯಂತ್ರ ನಿಲ್ಲಿಸಿದಳು. ಕೈಯಲ್ಲಿದ್ದ ಅಂಗಿಯ ತೋಳನ್ನು ಸುಮ್ಮನೆ ನೀವುತ್ತ ಕೂತಳು. ಆಮೇಲೆ, ಡಾಕ್ಟರು ಹಣ್ಣು ಪೂರ್ತಿ ಬಿಡಿ ಅಂತ ಯಾವತ್ತೂ ಹೇಳಿರಲಿಲ್ಲ ಅಂದಳು. ಹೆಚ್ಚು ಸಿಹಿಯದ್ದು ಬೇಡ ಅಂದಿದ್ದರಷ್ಟೆ. ಅಮ್ಮನ ಕಾಲು ನೆನಪಾಗಿ ನಾನೇ ಎಲ್ಲವನ್ನೂ ನಿಲ್ಲಿಸಿದ್ದೆ ಅಂದಳು. ಅದನ್ನು ಹೇಳುವಾಗ ಅವಳ ದನಿ ತಗ್ಗಿತು.

ಅಂದೇ ಸಂಜೆ ಅವಳು ಕೆಳಗಿಳಿದಳು. ಕತ್ತರಿ ಮಾಮ ಬೇಕೆಂದೇ ಹಿತ್ತಲಲ್ಲಿ ಬಕೆಟ್ಟು ತೊಳೆಯುತ್ತ ನಿಂತ. ಒಳಗೆ ಏನು ಮಾತಾಯಿತೋ ಪೂರ್ತಿ ಕೇಳಿಸಲಿಲ್ಲ. ಅಕ್ಕನ ದನಿ ಒಮ್ಮೆ ಏರಿತು, ಹೆಂಡತಿ ಅತ್ತದ್ದು ಕೇಳಿಸಿತು. ಕೊನೆಗೆ ಹೆಂಡತಿ ಅಂದದ್ದು ಮಾತ್ರ ಸ್ಪಷ್ಟವಾಗಿತ್ತು: "ಅತ್ತಿಗೆ, ಖರ್ಜೂರ ನನಗೆ ಕೊಡಿ. ಸೇಬು ನೀವೇ ಇಟ್ಕೊಳ್ಳಿ, ಆದ್ರೆ ಡಾಕ್ಟರ ಹತ್ರ ಇಬ್ರೂ ಹೋಗಿ ಕೇಳ್ಕೊಂಡು ಬರೋಣ."

ಹೋಗಿ ಕೇಳಿದರು. ದಿನಕ್ಕೊಂದು ಸಣ್ಣ ಹಣ್ಣು ತಿನ್ನಬಹುದು, ಖರ್ಜೂರದ ಹತ್ತಿರ ಸುಳಿಯಬಾರದು ಅಂದರು ಡಾಕ್ಟರು. ಕದ್ದು ತಿನ್ನುವಾಗ ಲೆಕ್ಕ ತಪ್ಪುತ್ತದೆ, ಎದುರಿಗೆ ತಿಂದರೆ ತಪ್ಪುವುದಿಲ್ಲ ಅಂತಲೂ ಸೇರಿಸಿದರಂತೆ. ಅಕ್ಕ ಅದನ್ನು ಬಂದವರಿಗೆಲ್ಲ, ಯಾರೋ ಬೇರೆಯವರ ಕಥೆ ಹೇಳುವ ಹಾಗೆ ನಗುತ್ತ ಹೇಳಿದಳು. ಆದರೆ ಒಂದೆರಡು ವಾರ ತಮ್ಮನ ಹೆಂಡತಿಯ ಮುಂದೆ ಹಣ್ಣು ತಿನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಅಷ್ಟು ಸುಲಭಕ್ಕೆ ಹೋಗುವ ಸಂಕೋಚವಲ್ಲ ಅದು.

ಈಗ ಹಣ್ಣಿನ ಬುಟ್ಟಿ ಮೇಲಿನ ಮನೆಯಲ್ಲಿ, ಊಟದ ಮೇಜಿನ ಮೇಲೆ. ಮಧ್ಯಾಹ್ನ ಹೆಂಡತಿ ಹೊಲಿಗೆ ನಿಲ್ಲಿಸುತ್ತಾಳೆ, ಅಕ್ಕ ಕೆಳಗಿನಿಂದ ಹತ್ತಿ ಬರುತ್ತಾಳೆ, ಮೂವರಿಗೂ ಕುಯ್ಯುವ ಕೆಲಸ ಅಕ್ಕನದು. ಒಂದು ಹೋಳು ಹೆಚ್ಚು ತನ್ನ ಕಡೆ ಸರಿಸಿಕೊಂಡರೆ ಹೆಂಡತಿ ನೋಡಿಯೂ ನೋಡದ ಹಾಗಿರುತ್ತಾಳೆ. ಕೆಲವು ಸಲ ನೋಡಿ, ಅತ್ತಿಗೆ ಅಂತ ಎಳೆದು ಕರೆಯುತ್ತಾಳೆ. ಬೆರಳು ವಾಸಿಯಾಗಲು ಬಹಳ ದಿನ ಹಿಡಿಯಿತು, ಆದರೆ ಉಳಿಯಿತು. ಸಕ್ಕರೆ ಮೆಲ್ಲಗೆ ಇಳಿಯಿತು, ಆಗಾಗ ಏರುತ್ತದೆ, ಬೈಸಿಕೊಂಡು ಮತ್ತೆ ಇಳಿಯುತ್ತದೆ.

ಕಾರ್ನೇಶನ್ ಆ ಫ್ರಿಜ್ಜಿನಲ್ಲಿ ಮತ್ತೆ ಕಣ್ಣು ಮುಚ್ಚಲಿಲ್ಲ. ಹೋಟೆಲು ಮಾತ್ರ ವಾಪಸು ಬರಲಿಲ್ಲ. ಕತ್ತರಿ ಮಾಮ ಒಮ್ಮೆ ಹೋಗಿ ನಡೆದದ್ದನ್ನು ವಿವರಿಸಲು ನೋಡಿದ. ಅಕ್ಕನ ವಿಷಯ ಹೇಳದೆ ಅದನ್ನು ವಿವರಿಸುವುದು ಹೇಗೆಂದು ತಿಳಿಯದೆ, ಫ್ರಿಜ್ಜು ಸರಿಯಿರಲಿಲ್ಲ, ಈಗ ಸರಿಯಾಗಿದೆ ಅಂತಷ್ಟೇ ಹೇಳಿ ಬಂದ. ಮೇಲ್ವಿಚಾರಕಿ ನೋಡೋಣ ಅಂದಳು. ನೋಡೋಣ ಅಂದರೆ ಏನರ್ಥ ಅನ್ನುವುದು ಅವನಿಗೆ ಗೊತ್ತಿತ್ತು. ಅದಾದ ಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್ಕೊಂದು ವಾರಕ್ಕೊಂದು ದೊಡ್ಡ ಗೊಂಚಲು ಕೇಳಿತು, ಗ್ರಂಥಾಲಯದವರು ಬಾಗಿಲ ಬಳಿಯ ಮೇಜಿಗೆಂದು ಕೇಳಿದರು. ಹೋಟೆಲಿನಷ್ಟಲ್ಲ, ಆದರೆ ನಡೆಯುತ್ತದೆ.

ಮೊನ್ನೆ ಒಬ್ಬ ಹೆಂಗಸು ಬಂದು, ನಾಳೆ ನನ್ನ ತಂಗಿ ಊರಿಂದ ಬರುತ್ತಾಳೆ, ಒಂದು ವಾರ ಇರುತ್ತಾಳೆ, ಅವಳು ಹೋಗುವವರೆಗೆ ಇರುವಂಥ ಹೂವು ಕೊಡಿ ಅಂದಳು. ಕತ್ತರಿ ಮಾಮ ಅರ್ಧ ಬಿರಿದ ಲಿಲ್ಲಿಗಳನ್ನೂ ಬಿಳಿ ಕಾರ್ನೇಶನ್‌ಗಳನ್ನೂ ಆರಿಸಿ, ಕೆಳಗಿನ ಎಲೆ ಬಿಡಿಸಿ, ತುದಿ ಕುಯ್ದು ಕಟ್ಟಿಕೊಟ್ಟ. ಹೂದಾನಿ ತೊಳೀರಿ, ನೀರು ಬದಲಾಯಿಸಿ ಅಂತ ಎಂದಿನಂತೆ ಹೇಳಿದ. ಹೆಂಗಸು ಬಾಗಿಲು ದಾಟುವಾಗ ಒಳಗಿನಿಂದ ಅಕ್ಕನ ದನಿ ಬಂತು.

"ಹಣ್ಣಿನ ಪಕ್ಕ ಇಡ್ಬೇಡಿಮ್ಮ."

ಹೆಂಗಸು ಯಾಕೆಂದು ಕೇಳಿದಳು. ಅಕ್ಕ ಸ್ಟೂಲಿನಿಂದ ಎದ್ದು ಬಂದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲಿನಿಂದ ಹೇಳತೊಡಗಿದಳು.